ಬಾಗಿಲ ಮೇಲಿನ ಬರಹ ಶಾಸನವಲ್ಲವೇ? ಕಳವಾರದ ಕಡೆಯ ಗ್ರಾಮ ಟಿಪ್ಪಣಿಗಳ ಬಗ್ಗೆ ಒಂದು ತಕರಾರು

ಸ್ಕಂದಗಿರಿ ಹತ್ತೋಕೆ ಬೆಂಗಳೂರಿನಿಂದ ಬರುವವರು ಕಳವಾರವನ್ನು ದಾಟಿ ಹೋಗುತ್ತಾರೆ, ನೋಡಿ ಹೋಗುವುದಿಲ್ಲ. ಕತ್ತಲಲ್ಲೇ ಬರ್ತಾರೆ, ಮೋಡದ ಮೇಲೆ ಸೂರ್ಯ ಹುಟ್ಟೋದನ್ನ ನೋಡ್ತಾರೆ, ಫೋಟೋ ತೆಗೀತಾರೆ, ತಿಂಡಿಗೆ ಚಿಕ್ಕಬಳ್ಳಾಪುರಕ್ಕೆ ವಾಪಸ್. ಬೆಟ್ಟಕ್ಕೆ ಕಳವಾರ ದುರ್ಗ ಅಂತ ಹೆಸರು ಕೊಟ್ಟ ಊರು ಮಾತ್ರ ಬುಡದಲ್ಲೇ ಉಳಿಯುತ್ತದೆ. ಇದರಲ್ಲಿ ಚಾರಣಿಗರ ತಪ್ಪೇನೂ ಇಲ್ಲ, ಅವರು ಬಂದಿರೋದು ಬೆಟ್ಟಕ್ಕೆ. ನನ್ನ ತಕರಾರು ನಮ್ಮಂಥವರ ಮೇಲೆ. ಶಾಸನ, ವೀರಗಲ್ಲು, ಹಳೆ ಮನೆ ಅಂತ ಭಾನುವಾರ ಬೈಕ್ ಹತ್ತಿ ಹೊರಡುವ ನಾವು ಇಂಥ ಊರುಗಳ ಬಗ್ಗೆ ಜಾಲದಲ್ಲಿ ಬರೆಯುವ ಗ್ರಾಮ ಟಿಪ್ಪಣಿಗಳ ಮೇಲೆ. ಅದರಲ್ಲಿ ನನ್ನವೂ ಸೇರಿವೆ.

ನಾನು ಹೊಟ್ಟೆಪಾಡಿಗೆ ಸಿವಿಲ್ ಇಂಜಿನಿಯರ್. ಶಾಸನ ಓದೋದನ್ನ ನಾನೇ ಕಲಿತದ್ದು, ಅದೂ ಮೂವತ್ತು ದಾಟಿದ ಮೇಲೆ. ಹಳಗನ್ನಡವನ್ನು ಯಾವ ಮೇಷ್ಟ್ರ ಮುಂದೆಯೂ ಕೂತು ಹೇಳಿಸಿಕೊಂಡಿಲ್ಲ. ಹಾಗಾಗಿ ವಿದ್ವಾಂಸರ ತಪ್ಪು ಹಿಡಿಯುವ ಯೋಗ್ಯತೆ ನನಗಿದೆ ಅಂತ ಹೇಳೋಕೆ ಬಂದಿಲ್ಲ. ನಾವು ಹವ್ಯಾಸಿಗಳು ಪದೇ ಪದೇ ಮಾಡುವ ಮೂರು ತಪ್ಪು, ಮತ್ತು ಅದಕ್ಕಿಂತ ದೊಡ್ಡದಾದ ನಾಲ್ಕನೆಯದೊಂದನ್ನು ಹೇಳೋಕೆ ಬಂದಿದ್ದೇನೆ. ನಾಲ್ಕನೆಯದು ನನ್ನ ಕೈಯಲ್ಲೇ ಆದದ್ದು. ಅದರಿಂದ ಕಳೆದುಹೋದದ್ದು ಮತ್ತೆ ಸಿಗುವುದಿಲ್ಲ.

ಮೊದಲನೆಯದು: ಹೆಸರು ಬಿಡಿಸುವ ಚಟ

ಯಾವ ಗ್ರಾಮ ಟಿಪ್ಪಣಿ ತೆಗೆದರೂ ಮೊದಲ ಪ್ಯಾರಾದಲ್ಲಿ ಊರ ಹೆಸರಿನ ಅರ್ಥ ಇರಲೇಬೇಕು. ಕಳವಾರ ಅಂದರೆ ಕಳ, ಅಂದರೆ ಕಣ, ರಾಗಿ ಬಡಿಯುವ ಜಾಗ. ಇಲ್ಲ, ಕಳ ಅಂದರೆ ಯುದ್ಧಭೂಮಿ, ಬೆಟ್ಟದ ಮೇಲೆ ಕೋಟೆ ಇಲ್ಲವೇ? ಇಲ್ಲ, ಕಳ್ಳರಿಂದ ಬಂತು. ಒಂದೊಂದೂ ಕೇಳೋಕೆ ಚೆನ್ನಾಗಿದೆ. ಆದರೆ ಮೂರನ್ನೂ ಕಟ್ಟಿರುವುದು ಇವತ್ತಿನ ಬಸ್ ಬೋರ್ಡಿನ ಮೇಲಿರುವ ರೂಪದಿಂದ. ಪಕ್ಕದಲ್ಲೇ ಕಂದವಾರ ಅಂತ ಇನ್ನೊಂದು ಹೆಸರಿದೆ, ಅದೇ 'ವಾರ' ಕೊನೆಯಲ್ಲಿ. ಒಂದನ್ನು ಬಿಡಿಸುವವರು ಇನ್ನೊಂದನ್ನೂ ಅದೇ ಸೂತ್ರದಲ್ಲಿ ಬಿಡಿಸಿ ತೋರಿಸಬೇಕಲ್ಲ? ಯಾರೂ ತೋರಿಸೋದಿಲ್ಲ. ಯಾಕಂದರೆ ಕಥೆ ಇರೋದು ಒಂದು ಹೆಸರಿಗೆ ಮಾತ್ರ.

ಇಂಥ ಕಡೆ ಶಾಸನ ಏನು ಮಾಡಬಲ್ಲದು ಅನ್ನೋದಕ್ಕೆ ನಮ್ಮ ಕಣ್ಣೆದುರಿಗೇ ಉದಾಹರಣೆ ಇದೆ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರು ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲು ಸುಮಾರು ಕ್ರಿ.ಶ. 890ರದ್ದು. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬಲ್ಲಾಳ ಹುಟ್ಟುವುದಕ್ಕೆ ಇನ್ನೂರೈವತ್ತು ವರ್ಷಕ್ಕಿಂತ ಮುಂಚೆಯೇ ಊರಿಗೆ ಹೆಸರಿತ್ತು. ಒಂದೇ ಒಂದು ಕಲ್ಲು ಇಡೀ ಕಥೆಯನ್ನು ಪಕ್ಕಕ್ಕೆ ಸರಿಸಿತು. ಆ ಕಲ್ಲು ಬೆಂಗಳೂರು ಅಂದರೆ ಏನು ಅಂತ ಹೇಳಲಿಲ್ಲ, ಏನು ಅಲ್ಲ ಅಂತ ಮಾತ್ರ ಹೇಳಿತು. ಹೆಸರಿನ ವಿಚಾರದಲ್ಲಿ ನಮಗೆ ಅಷ್ಟು ಸಿಕ್ಕರೆ ಬಹಳ ಆಯ್ತು. ಹಳೆಯ ರೂಪ ಕೈಗೆ ಸಿಗದೆ ಹೊಸ ರೂಪವನ್ನು ಬಿಡಿಸೋದು, ಅಡಿಪಾಯ ನೋಡದೆ ಮನೆಗೆ ಮೂರನೇ ಮಹಡಿ ಹಾಕಿದ ಹಾಗೆ.

ಎರಡನೆಯದು: ಕೋಟೆ ಕಂಡರೆ ಟಿಪ್ಪು

ಬೆಟ್ಟದ ಮೇಲೆ ಎರಡು ಸಾಲು ಕಲ್ಲು ಕಂಡರೆ ಸಾಕು, ಟಿಪ್ಪು ಕೋಟೆ. ಸ್ಕಂದಗಿರಿಗೂ ಇದೇ ಗತಿ. ನಂದಿದುರ್ಗದಲ್ಲಿ ಹೈದರ್ ಮತ್ತು ಟಿಪ್ಪು ಕಾಲದ ಕೆಲಸ ಇದೆ, ಅದನ್ನು 1791ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಹಿಡಿಯಿತು, ಅದಕ್ಕೆ ದಾಖಲೆ ಇದೆ. ಆದರೆ ನಂದಿಯ ದಾಖಲೆಯನ್ನು ಎತ್ತಿ ಪಕ್ಕದ ಬೆಟ್ಟಕ್ಕೆ ಅಂಟಿಸೋಕೆ ಆಗಲ್ಲ. ಈ ಸೀಮೆಯನ್ನು ಹೈದರನಿಗೆ ಮುಂಚೆ ಆಳಿದವರು ಆವತಿಯ ಮನೆತನದ ಶಾಖೆಗಳು. ದೇವನಹಳ್ಳಿಯಲ್ಲಿ ಒಂದು, ಚಿಕ್ಕಬಳ್ಳಾಪುರದಲ್ಲಿ ಒಂದು. ಚಿಕ್ಕಬಳ್ಳಾಪುರದ ಪಾಳೆಯಗಾರರು ಹೈದರನ ಕೈಗೆ ಬಿದ್ದದ್ದು 1760ರ ದಶಕದಲ್ಲಿ. ಅದಕ್ಕೂ ಹಿಂದಿನ ಇನ್ನೂರು ಚಿಲ್ಲರೆ ವರ್ಷ ಈ ಬೆಟ್ಟಗಳು ಖಾಲಿ ಇದ್ದವಾ? ಪಾಳೆಯಗಾರನಿಗೆ ಬೆಟ್ಟ ಅಂದರೆ ಪ್ರಾಣ. ಗೋಡೆಯ ಕಲ್ಲಿನ ಜೋಡಣೆ ನೋಡಿ, ಗಾರೆ ಇದೆಯೋ ಇಲ್ಲವೋ ನೋಡಿ, ಗೋಡೆ ಎಲ್ಲೆಲ್ಲಿ ದುರಸ್ತಿಯಾಗಿದೆ ನೋಡಿ, ಆಮೇಲೆ ಬರೀರಿ. ಗೊತ್ತಿಲ್ಲದಿದ್ದರೆ 'ಕೋಟೆ ಗೋಡೆ' ಅಂತಷ್ಟೇ ಬರೆದರೆ ಯಾರೂ ಬೈಯೋದಿಲ್ಲ.

ಮೂರನೆಯದು: ಮುನ್ನೂರು ವರ್ಷದ ಮನೆ

ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ. ಕಳವಾರ, ನಂದಿ, ಮುದ್ದೇನಹಳ್ಳಿ ಕಡೆಯ ಸಣ್ಣ ಊರುಗಳಲ್ಲಿ ಹಳೆ ಮನೆಗಳು ಇನ್ನೂ ಉಳಿದಿವೆ. ದಪ್ಪ ಮಣ್ಣಿನ ಗೋಡೆ, ಮುಂದೆ ಜಗಲಿ, ಕಲ್ಲಿನ ಇಲ್ಲವೇ ಮರದ ಕಂಬ, ಒಳಗೆ ತೊಟ್ಟಿ, ಕೆಲವಕ್ಕೆ ಚಪ್ಪಡಿ ಕಲ್ಲಿನ ಮಾಡು, ಕೆಲವಕ್ಕೆ ನಾಡಹಂಚು, ಕೆಲವಕ್ಕೆ ಮಂಗಳೂರು ಹಂಚು. ಇಂಥ ಮನೆ ಮುಂದೆ ನಿಂತ ತಕ್ಷಣ ನಮ್ಮ ಬಾಯಲ್ಲಿ ಬರುವ ಮಾತು 'ಇನ್ನೂರು ಮುನ್ನೂರು ವರ್ಷ ಆಗಿರಬೇಕು'. ಮನೆಯವರೂ ಹೂಂ ಅಂತಾರೆ. ನಾವು ಅದನ್ನೇ ಬರೀತೀವಿ. ಮುಂದೆ ಇನ್ನೊಬ್ಬರು ನಮ್ಮ ಬರಹ ನೋಡಿ ಅದನ್ನೇ ಬರೀತಾರೆ. ಐದು ವರ್ಷದಲ್ಲಿ ಅದು 'ಇತಿಹಾಸ'.

ನಂದಿಯ ಭೋಗನಂದೀಶ್ವರಕ್ಕೆ ನಾವು ಹೀಗೆ ಮಾಡೋದಿಲ್ಲ, ಗಮನಿಸಿ. ಅಲ್ಲಿ ಕ್ರಿ.ಶ. 806ರ, ರಾಷ್ಟ್ರಕೂಟ ಮೂರನೇ ಗೋವಿಂದನ ಕಾಲದ ತಾಮ್ರಶಾಸನ ಇದೆ, ಅದರಲ್ಲಿ ಬಾಣರ ರಾಣಿಯ ಹೆಸರು ಬರುತ್ತದೆ ಅಂತ ಬೆರಳು ಮಡಚಿ ಹೇಳ್ತೀವಿ. ಮೂಲ ಗುಡಿ ಯಾವ ಕಾಲದ್ದು, ಚೋಳರ ಕಾಲದಲ್ಲಿ ಏನು ಸೇರಿತು, ಹೊಯ್ಸಳರ ಕಾಲದಲ್ಲಿ ಏನು, ಕಲ್ಯಾಣ ಮಂಟಪ ಮತ್ತು ಹೊರ ಪ್ರಾಕಾರ ಯಾವಾಗಿನವು ಅಂತ ಪದರ ಪದರವಾಗಿ ಬಿಡಿಸ್ತೀವಿ. ಒಂದು ದೇವಸ್ಥಾನ ಒಂದೇ ದಿನ ಕಟ್ಟಿದ್ದಲ್ಲ ಅಂತ ಗೊತ್ತಿರುವ ನಾವೇ, ಅಲ್ಲಿಂದ ಎರಡು ಫರ್ಲಾಂಗ್ ದೂರದ ಮನೆಗೆ ಬಂದಾಗ ಒಂದೇ ಅಂಕಿ ಹೇಳಿ ಮುಗಿಸ್ತೀವಿ. ಮನೆಗೂ ಪದರ ಇರುತ್ತದೆ. ಗೋಡೆ ಒಂದು ತಲೆಮಾರಿನದು, ಮಾಡು ಇನ್ನೊಂದರದು, ಮುಂದಿನ ಜಗಲಿ ಮತ್ತೊಂದರದು.

ಪದರ ಬಿಡಿಸೋಕೆ ಕೆಲವು ಹಿಡಿಗಳಿವೆ. ಮಂಗಳೂರು ಹಂಚು ಇದ್ದರೆ ಆ ಮಾಡು 1865ಕ್ಕಿಂತ ಹಿಂದಿನದಲ್ಲ, ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದೇ ಆ ವರ್ಷ. ಇಲ್ಲೊಂದು ಹಳ್ಳ ಇದೆ, ನಾನೂ ಬಿದ್ದಿದ್ದೇನೆ. ಹಂಚನ್ನು ಮಗುಚಿದರೆ ಕಾರ್ಖಾನೆಯ ಹೆಸರಿನ ಜೊತೆ 1865 ಅಂತಲೇ ಅಚ್ಚು ಇರುತ್ತದೆ. ಅದು ಹಂಚು ಸುಟ್ಟ ವರ್ಷ ಅಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಅಂಗಡಿ ಬೋರ್ಡಿನ ಮೇಲೆ 'ಸ್ಥಾಪನೆ ಇಂತಿಷ್ಟು' ಅಂತ ಇದ್ದರೆ ಒಳಗಿನ ಮೈಸೂರುಪಾಕೂ ಆವತ್ತಿನದೇ ಅಂತ ಯಾರಾದರೂ ಹೇಳ್ತಾರಾ? ಹಾಗೇ ಇದು. ಕಬ್ಬಿಣದ ತೊಲೆ ಇದ್ದರೆ ಅದರ ಹೊಟ್ಟೆ ಮೇಲೆ ಎದ್ದ ಅಕ್ಷರ ಹುಡುಕಿ. ಡಾರ್ಮನ್ ಲಾಂಗ್ ಅಂತ ಇದ್ದರೆ ಆ ಇಂಗ್ಲಿಷ್ ಕಂಪನಿ ಹುಟ್ಟಿದ್ದೇ 1875ರಲ್ಲಿ. ಅಷ್ಟು ಭಾರದ ಸಾಮಾನು ಊರೊಳಗೆ ಬರೋದು ಸುಲಭವಾದದ್ದು ಇನ್ನೂ ಆಮೇಲೆ, 1910ರ ದಶಕದಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ನ್ಯಾರೋಗೇಜ್ ರೈಲು ಬಂದ ಮೇಲೆ. ಇವೆಲ್ಲ 'ಇದಕ್ಕಿಂತ ಹಿಂದಿನದಲ್ಲ' ಅಂತ ಹೇಳುವ ಸಾಕ್ಷಿಗಳು, ಅಷ್ಟೇ. ಅದೂ ಆ ಭಾಗಕ್ಕೆ ಮಾತ್ರ. ಹಂಚು ಹೊಸದಾದರೂ ಗೋಡೆ ಹಳೆಯದಿರಬಹುದು.

ನಮ್ಮ ಅಂಕಿಗಳ ಬಗ್ಗೆ ಎಷ್ಟು ವಿನಯ ಬೇಕು ಅನ್ನೋದಕ್ಕೆ ಮುದ್ದೇನಹಳ್ಳಿಯೇ ಪಾಠ. ನಮ್ಮ ಕಸುಬಿನವರಿಗೆಲ್ಲ ಹಿರಿಯರಾದ ವಿಶ್ವೇಶ್ವರಯ್ಯನವರ ಊರು. ಅವರ ಮನೆ ಈಗ ಸ್ಮಾರಕ, ಅಲ್ಲೇ ಸಮಾಧಿ. ಅವರು ತೀರಿಕೊಂಡದ್ದು 1962ರ ಏಪ್ರಿಲ್ 14. ಹುಟ್ಟಿದ್ದು ಸೆಪ್ಟೆಂಬರ್ 15 ಅನ್ನೋದರಲ್ಲಿ ಜಗಳ ಇಲ್ಲ, ಅದಕ್ಕೇ ಆವತ್ತು ಇಂಜಿನಿಯರುಗಳ ದಿನ. ಆದರೆ ವರ್ಷ? ಒಂದು ಪುಸ್ತಕ 1860 ಅಂದರೆ ಇನ್ನೊಂದು 1861 ಅನ್ನುತ್ತದೆ. ದಿವಾನರಾಗಿದ್ದವರು, ಭಾರತರತ್ನ ಪಡೆದವರು, ಇಡೀ ಜೀವನ ಲೆಕ್ಕಕ್ಕೆ ಹೆಸರಾದವರು. ಅವರ ಹುಟ್ಟಿದ ವರ್ಷವೇ ಅಚ್ಚಿನಲ್ಲಿ ಎರಡಾಗಿ ಓಡಾಡುತ್ತಿರುವಾಗ, ಯಾರೂ ಬರೆದಿಡದ ಮಣ್ಣಿನ ಗೋಡೆಗೆ ಮುನ್ನೂರು ವರ್ಷ ಅಂತ ನಾವು ಯಾವ ಧೈರ್ಯದ ಮೇಲೆ ಹೇಳೋದು? ಇಲ್ಲೇ ಸಂವತ್ಸರದ ಬೆಲೆ ತಿಳಿಯೋದು. 1860ರ ಸೆಪ್ಟೆಂಬರ್ ರೌದ್ರಿ ಸಂವತ್ಸರ, 1861ರದ್ದು ದುರ್ಮತಿ. ಆ ಕಾಲದವರ ಕೈಬರಹದಲ್ಲಿ ಸಂವತ್ಸರದ ಹೆಸರೊಂದು ಇದ್ದರೆ ಸಾಕು, ಇಂಥ ಒಂದು ವರ್ಷದ ಗೊಂದಲ ಉಳಿಯೋದಿಲ್ಲ.

ನಾಲ್ಕನೆಯದು: ಕಣ್ಣೆದುರಿಗಿದ್ದೂ ಓದದ ಬರಹ

ಈಗ ನನ್ನ ಕಥೆ. ಊರಿನ ಹೆಸರು ಹೇಳೋದಿಲ್ಲ, ಇದೇ ಬೆಟ್ಟಸಾಲಿನ ಸುತ್ತಲಿನ ಒಂದು ಹಳ್ಳಿ ಅಂತಿಟ್ಟುಕೊಳ್ಳಿ. ಮನೆಯವರಿಗೆ ಇದರಿಂದ ಕಿರಿಕಿರಿ ಆಗೋದು ಬೇಡ.

ನಾನು ಹೋಗಿದ್ದು ಒಂದು ವೀರಗಲ್ಲಿಗೆ. ಊರಾಚೆ ಹುಣಸೆಮರದ ಬುಡದಲ್ಲಿ ಅರ್ಧ ಹೂತಿತ್ತು. ಮಣ್ಣು ಬಿಡಿಸಿ, ನೀರು ಚಿಮುಕಿಸಿ, ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಕನ್ನಡಿ ಹಿಡಿದು ಅಡ್ಡ ಬೆಳಕು ಬಿಟ್ಟು ಮೂರು ಗಂಟೆ ಕೂತೆ. ಐದಾರು ಸಾಲು ಒಂದು ಮಟ್ಟಿಗೆ ಬಂತು. ತುರುಗೊಳ್ ಕಥೆ, ದನ ಬಿಡಿಸೋಕೆ ಹೋಗಿ ಸತ್ತವನು, ಅವನ ಮನೆಯವರಿಗೆ ಬಾಳ್ಗಚ್ಚಾಗಿ ಭೂಮಿ. ಹೊಸ ಶಾಸನ ಸಿಕ್ಕಿತು ಅಂತ ಕೈಕಾಲು ನಡುಗುತ್ತಿತ್ತು. ಮನೆಗೆ ಬಂದು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ತೆಗೆದು ನೋಡಿದರೆ, ಬಿ.ಎಲ್. ರೈಸ್ ಅವರು 1905ರಲ್ಲೇ ಅದನ್ನು ಅಚ್ಚು ಹಾಕಿಸಿ ಕೂತಿದ್ದಾರೆ. ನಾನು ಓದಲಾಗದ ಎರಡು ಸಾಲೂ ಅದರಲ್ಲಿದೆ, ಆಗ ಕಲ್ಲು ಇಷ್ಟು ಸವೆದಿರಲಿಲ್ಲ.

(ಹೊಸಬರಿಗೆ ಒಂದು ಮಾತು: ಚಿಕ್ಕಬಳ್ಳಾಪುರ ಜಿಲ್ಲೆಯ ಸಂಪುಟ ಅಂತ ಹುಡುಕಿದರೆ ಸಿಗೋದಿಲ್ಲ. ಈ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಮುಂಚೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲ ಕೋಲಾರಕ್ಕೆ ಸೇರಿದ್ದವು. ಹಾಗಾಗಿ ಕೋಲಾರದ ಹತ್ತನೇ ಸಂಪುಟ ನೋಡಿ, ಆಮೇಲೆ ಅದಕ್ಕೆ ಪೂರಕವಾಗಿ ಬಂದ ಹದಿನೇಳನೆಯದನ್ನೂ ನೋಡಿ, ಆಮೇಲೆ 'ಅಪ್ರಕಟಿತ' ಅನ್ನಿ.)

ಕಲ್ಲು ಮುಗಿಸಿ ಊರೊಳಗೆ ನೀರು ಕೇಳೋಕೆ ಒಂದು ಮನೆ ಜಗಲಿ ಹತ್ತಿದೆ. ಅಜ್ಜಿಯೊಬ್ಬರು ಚೊಂಬು ತಂದುಕೊಟ್ಟು, "ನಿಧಿ ಗಿಧಿ ಹುಡುಕ್ತಿದ್ರಾ ಏನಪ್ಪಾ?" ಅಂದರು. ಇಲ್ಲಮ್ಮ, ಬರಹ ಓದ್ತೀನಿ ಅಂದೆ. "ಹಂಗಾರೆ ನಮ್ಮ ಬಾಗ್ಲ ಮ್ಯಾಗೂ ಬರ್ದವ್ರೆ ನೋಡು, ಏನಂತ ಐತೆ?" ಅಂತ ತೋರಿಸಿದರು. ಬಾಗಿಲುವಾಡದ ಮೇಲಿನ ಪಟ್ಟಿಯಲ್ಲಿ ನಡುವೆ ಗಜಲಕ್ಷ್ಮಿ, ಎರಡೂ ಕಡೆ ಕೊರೆದ ಅಕ್ಷರ. ಅದರ ಮೇಲೆ ಎಷ್ಟು ಸಲ ಬಳಿದಿದ್ದರೋ ಎಣ್ಣೆ ಬಣ್ಣ. ನಾನು ತಲೆ ಎತ್ತಿ ನೋಡಿದ್ದು ಒಂದು ನಿಮಿಷ. ಹೊಸಗನ್ನಡದ ಅಕ್ಷರ, 'ಪ್ರಭವ ಸಂ' ಅಂತ ಎಡಗಡೆ ಕಂಡಿತು. ದಣಿದಿದ್ದೆ, ಬಿಸಿಲಿತ್ತು. ಮೊಬೈಲಿನಲ್ಲಿ ಓರೆಯಾಗಿ ಒಂದು ಚಿತ್ರ ತೆಗೆದು, "ಇದು ಶಾಸನ ಅಲ್ಲಮ್ಮ, ಬರೀ ಮನೆ ಬರಹ. ಅಂಥಾ ಹಳೇದೇನಲ್ಲ" ಅಂದೆ. ಅವರು "ಹಂಗಾ, ಆಯ್ತು ಬುಡಪ್ಪಾ" ಅಂದರು.

ಒಂದೂವರೆ ವರ್ಷ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಆ ಜಾಗದಲ್ಲಿ ಹೊಸ ಆರ್‌ಸಿಸಿ ಮನೆಗೆ ಸೆಂಟ್ರಿಂಗ್ ಹಾಕಿದ್ದರು. ಅಜ್ಜಿಯ ಮೊಮ್ಮಗ ಮರಳು ಜರಡಿ ಹಿಡಿಸುತ್ತಿದ್ದ. ಬಾಗಿಲು ಏನಾಯ್ತಪ್ಪ ಅಂದೆ. ಹಳೆ ಮರ ಕೊಳ್ಳುವವರು ಬಂದು ಕಂಬ, ತೊಲೆ, ಬಾಗಿಲು ಎಲ್ಲ ಸೇರಿಸಿ ಒಟ್ಟು ರೇಟು ಮಾಡಿ ಒಯ್ದರಂತೆ. "ನೀವೇ ಹೇಳಿದ್ರಲ್ಲ ಸಾರ್, ಅದೇನಲ್ಲ ಅಂತ. ಅಜ್ಜಿ ಹೇಳ್ತಿದ್ರು." ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತೋ ಏನೋ.

ಏನು ಕಳೆದುಹೋಯಿತು?

ನಾನು ತೆಗೆದ ಆ ಒಂದು ಚಿತ್ರವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ ಲೆಕ್ಕ ಇಲ್ಲ. ಎಡಗಡೆ 'ಪ್ರಭವ ಸಂ' ಇದೆ, ಮಾಸ ಇದೆ, ಪಕ್ಷ ಇದೆ, ತಿಥಿಯ ಅಂಕಿ ಇದೆ. ಬಲಗಡೆ ಅರ್ಧ ಚಿತ್ರದ ಆಚೆ ಹೋಗಿದೆ, ಉಳಿದರ್ಧ ಬಣ್ಣದೊಳಗೆ ಮುಚ್ಚಿದೆ. ಅಲ್ಲಿ ಇದ್ದದ್ದು ವಾರ, ಮತ್ತು ಒಂದು ಹೆಸರು. 'ಆಚಾರಿ' ಅನ್ನೋದರ ಮೊದಲೆರಡು ಅಕ್ಷರದ ಹಾಗೆ ಕಾಣುತ್ತದೆ, ಪ್ರಮಾಣ ಮಾಡಿ ಹೇಳಲಾರೆ.

ಪ್ರಭವ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. ಲೆಕ್ಕ ಸರಳ: ಶಕವರ್ಷಕ್ಕೆ ಹನ್ನೆರಡು ಕೂಡಿಸಿ ಅರವತ್ತರಿಂದ ಭಾಗಿಸಿ, ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ. ಒಂದು ಉಳಿದರೆ ಪ್ರಭವ, ಏನೂ ಉಳಿಯದಿದ್ದರೆ ಅಕ್ಷಯ. ಶಕ 1909, ಅಂದರೆ 1987ರ ಯುಗಾದಿಯಿಂದ ಶುರುವಾದದ್ದು ಪ್ರಭವ. ಹಿಂದಕ್ಕೆ ಹೋದರೆ 1927, 1867, 1807. ಅಕ್ಷರದ ರೂಪ ನೋಡಿದರೆ 1987 ಅಲ್ಲ, ಆ ಮರವೂ ಅಲ್ಲ. ಉಳಿದ ಮೂರರಲ್ಲಿ ಯಾವುದು?

ಇದು ಸಣ್ಣ ವ್ಯತ್ಯಾಸವಲ್ಲ. 1807 ಅಂದರೆ ಟಿಪ್ಪು ಸತ್ತು ಎಂಟು ವರ್ಷ, ಪೂರ್ಣಯ್ಯನವರ ಕಾಲ. 1867 ಅಂದರೆ ಮೈಸೂರು ಕಮಿಷನರ ಆಡಳಿತದಲ್ಲಿತ್ತು, ಮಂಗಳೂರು ಹಂಚಿಗೆ ಎರಡು ವರ್ಷ ವಯಸ್ಸು, ಮುಂದಿನ ದಶಕದಲ್ಲೇ ದೊಡ್ಡ ಬರ ಬರಲಿತ್ತು. 1876ರಿಂದ 78ರ ಆ ಬರಕ್ಕೆ ಮೊದಲೇ ಕಟ್ಟಿ, ಅದನ್ನು ದಾಟಿ ಉಳಿದ ಮನೆ ಅಂದರೆ ಅದೇ ಒಂದು ಇತಿಹಾಸ. 1927 ಅಂದರೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ರೈಲು ಬಂದಾಗಿದೆ. ಮೂರೂ ಬೇರೆ ಬೇರೆ ಲೋಕ.

ಇದನ್ನು ಬಿಡಿಸೋಕೆ ಬೇಕಿದ್ದದ್ದು ಒಂದೇ ಪದ: ವಾರ. ಮಾಸ, ಪಕ್ಷ, ತಿಥಿ ಗೊತ್ತಿದ್ದರೆ ಆ ಮೂರು ವರ್ಷದಲ್ಲೂ ಅದು ಯಾವ ದಿನ ಬಿತ್ತು ಅಂತ ಪಂಚಾಂಗದ ಕೋಷ್ಟಕದಿಂದ ತೆಗೀಬಹುದು. ಮೂರು ಕಡೆ ಒಂದೇ ವಾರ ಬೀಳುವ ಸಂಭವ ಬಹಳ ಕಡಿಮೆ. ಸೋಮ ಅಂತ ಇದ್ದರೆ ಒಂದು, ಗುರು ಅಂತ ಇದ್ದರೆ ಇನ್ನೊಂದು, ಮುಗೀತು. ಶಾಸನಗಳ ಕಾಲ ತಿದ್ದೋಕೆ ವಿದ್ವಾಂಸರು ನೂರು ವರ್ಷದಿಂದ ಮಾಡಿಕೊಂಡು ಬಂದಿರೋದು ಇದನ್ನೇ. ನನಗೂ ಗೊತ್ತಿತ್ತು. ಕಲ್ಲಿನ ಮೇಲೆ ವಾರ ಕಂಡಿದ್ದರೆ ಹಲ್ಲಿನಲ್ಲಿ ಕಚ್ಚಿ ಹಿಡೀತಿದ್ದೆ. ಮರದ ಮೇಲೆ ಇದ್ದದ್ದಕ್ಕೆ ಚಿತ್ರದಿಂದ ಆಚೆ ಬಿಟ್ಟೆ. ಹಂಚು ಮಗುಚಲಿಲ್ಲ, ತೊಲೆಯ ಅಚ್ಚು ನೋಡಲಿಲ್ಲ. ಈಗ ನೋಡೋಕೆ ಮನೆಯೂ ಇಲ್ಲ.

ತಮಾಷೆ ಏನಂದರೆ, ಆವತ್ತು ನಾನು ಮೂರು ಗಂಟೆ ಕೂತ ಕಲ್ಲು ನೂರು ವರ್ಷಕ್ಕೂ ಹಿಂದೆಯೇ ಪುಸ್ತಕದಲ್ಲಿ ಸುರಕ್ಷಿತವಾಗಿತ್ತು. ಒಂದು ನಿಮಿಷ ನೋಡಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇಡೀ ದಿನದಲ್ಲಿ ನನ್ನ ಕೈಗೆ ಸಿಕ್ಕ ನಿಜವಾದ ಅಪ್ರಕಟಿತ ಬರಹ ಅದೊಂದೇ.

ಸಂಪುಟಗಳ ಗುಣವೂ ಮಿತಿಯೂ

ರೈಸ್ ಅವರನ್ನು ದೂರಿ ಪ್ರಯೋಜನ ಇಲ್ಲ. ರೈಲು ಮೋಟಾರು ಎಲ್ಲ ಕಡೆ ಇಲ್ಲದ ಕಾಲದಲ್ಲಿ ಒಂದು ಇಡೀ ಸಂಸ್ಥಾನದ ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ಅಚ್ಚಿಗೆ ತಂದವರು ಅವರು ಮತ್ತು ಅವರ ಜೊತೆ ದುಡಿದ ಪಂಡಿತರು. ಪಾಠ ಕನ್ನಡದಲ್ಲಿ ಕೊಟ್ಟರು, ರೋಮನ್‌ನಲ್ಲಿ ಕೊಟ್ಟರು, ಅನುವಾದ ಕೊಟ್ಟರು. ನನ್ನಂಥವನು ಶಾಸನ ಓದೋದು ಕಲಿತದ್ದೇ ಆ ಮೂರನ್ನು ಪಕ್ಕಪಕ್ಕ ಇಟ್ಟುಕೊಂಡು. ಆದರೆ ಆ ಸಂಪುಟಗಳನ್ನು ಕಟ್ಟಿದ್ದು ರಾಜವಂಶಗಳ ಸಾಲು ಜೋಡಿಸೋಕೆ. ಗಂಗರು, ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರ. ಯಾವ ಬರಹದಲ್ಲಿ ಅರಸನ ಹೆಸರಿದೆಯೋ ಅದಕ್ಕೆ ಮೊದಲ ಮಣೆ. ಆ ಕಾಲಕ್ಕೆ ಅದು ಸರಿ. 1867ರ ಬಾಗಿಲು ಅವರಿಗೆ ಹೆಚ್ಚುಕಡಿಮೆ ನಿನ್ನೆ ಮೊನ್ನೆಯದು. 1927ರದ್ದು ಹುಟ್ಟೇ ಇರಲಿಲ್ಲ. ನಮಗೆ ಹಾಗಲ್ಲ. ಆದರೂ ನಾವು ಅವರ ಕಣ್ಣನ್ನೇ ಸಾಲ ತಂದು ಇವತ್ತೂ ಅದರಲ್ಲೇ ನೋಡ್ತಿದ್ದೇವೆ. ಅರಸ ಇದ್ದರೆ ಶಾಸನ, ಆಚಾರಿ ಇದ್ದರೆ ಬರೀ ಬರಹ.

ಇನ್ನೊಂದು ಯೋಚನೆ ಮಾಡಿ. ಕಲ್ಲಿನ ಶಾಸನಗಳಲ್ಲಿ ಮನೆ ಬರೋದು ಎಲ್ಲಿ? ಮನೆದೆರೆ ಅಂತ ತೆರಿಗೆಯ ಪಟ್ಟಿಯಲ್ಲಿ, ಅಥವಾ ದಾನ ಕೊಟ್ಟ ನಿವೇಶನವಾಗಿ. ಕೆರೆಗೆ ಬಿತ್ತುವಟ್ಟ ಬಿಟ್ಟದ್ದು, ಗದ್ದೆಯ ನಾಲ್ಕು ದಿಕ್ಕಿನ ಮೇರೆ ಎಲ್ಲ ವಿವರವಾಗಿ ಸಿಗುತ್ತದೆ. ಮನೆ ಮಾತ್ರ ಆಳುವವನ ಲೆಕ್ಕದಲ್ಲಿ ಒಂದು ಬಾಬ್ತು. ಮನೆ ಕಟ್ಟಿದವನೇ ತನ್ನ ಮನೆಯ ಬಗ್ಗೆ ಬರೆಸಿದ ಜಾಗ ಅಂದರೆ ಅದು ಬಾಗಿಲ ಮೇಲಿನ ಪಟ್ಟಿ, ಮುಂಗೋಡೆಯ ಗಾರೆಯ ಮೇಲಿನ ಇಸವಿ, ಬಾವಿಕಟ್ಟೆಯ ಚಪ್ಪಡಿ, ಒರಳುಕಲ್ಲಿನ ಅಂಚು. ಒಬ್ಬ ರೈತ, ಒಬ್ಬ ಶಾನುಭೋಗ, ಒಬ್ಬ ಮರಗೆಲಸದ ಆಚಾರಿ ತನ್ನ ಮಾತನ್ನು ತಾನೇ ಬಿಟ್ಟುಹೋದ ಜಾಗ ಇಷ್ಟೇ.

ಒಂದು ಆಕ್ಷೇಪಣೆ ಬರುತ್ತದೆ, ನ್ಯಾಯವಾದದ್ದೇ. ಹೀಗೆ ಹೊರಟರೆ ಕೊನೆ ಎಲ್ಲಿ? ಲಾರಿ ಹಿಂದಿನ ಬರಹವೂ ಶಾಸನವಾ? ನನ್ನ ಉತ್ತರ ಇಷ್ಟು: ಹೆಸರು, ಕಾಲ, ಕೆಲಸ, ಈ ಮೂರರಲ್ಲಿ ಎರಡಾದರೂ ಇದ್ದು, ಅದು ಕಟ್ಟಡದ ಅಥವಾ ನೆಲದ ಭಾಗವಾಗಿದ್ದು, ಸ್ವಾತಂತ್ರ್ಯಕ್ಕೆ ಹಿಂದಿನದಾಗಿದ್ದರೆ ದಾಖಲಿಸಿ. ಶಾಸನ ಅನ್ನೋ ಪದ ಬೇಡವಾದರೆ ಬೇಡ, 'ಮನೆ ಬರಹ' ಅಂತಲೇ ಕರೀರಿ. ನಾನು ಆ ಪದ ಬಳಸಿದ್ದು ತಪ್ಪಲ್ಲ, ಅದರ ಹಿಂದೆ 'ಬರೀ' ಅಂತ ಸೇರಿಸಿದ್ದು ತಪ್ಪು.

ಇನ್ನು ಮಾಡೋದೇನು

ದೊಡ್ಡ ಯೋಜನೆ ಏನೂ ಬೇಡ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನ ಕಲ್ಲುಗಳನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ, ಕಣ್ಣಿಗೆ ಕಾಣದ ಅಕ್ಷರವನ್ನೂ ಎತ್ತಿ ತೋರಿಸುತ್ತಿದ್ದಾರೆ. ಅದು ಅವರ ಮಟ್ಟದ ಕೆಲಸ. ನಮ್ಮ ಮಟ್ಟದ್ದು ಐದು ನಿಮಿಷದ್ದು. ಬಾಗಿಲಿಗೆ ನೇರವಾಗಿ ನಿಂತು ಪೂರ್ತಿ ಪಟ್ಟಿಯ ಒಂದು ಚಿತ್ರ. ಆಮೇಲೆ ಎಡದಿಂದ ಬಲಕ್ಕೆ ತುಂಡು ತುಂಡಾಗಿ, ಒಂದರ ಅಂಚು ಇನ್ನೊಂದರ ಮೇಲೆ ಬರುವ ಹಾಗೆ. ಅಳತೆಗೆ ಒಂದು ಸ್ಕೇಲು, ಇಲ್ಲದಿದ್ದರೆ ಒಂದು ಬೆಂಕಿಪೊಟ್ಟಣ. ಪಕ್ಕದಿಂದ ಟಾರ್ಚ್ ಬಿಟ್ಟು ಇನ್ನೊಂದು ಸರ್ತಿ. ಹಂಚಿನ ಹಿಂಭಾಗ, ತೊಲೆಯ ಅಚ್ಚು, ಕಂಬದ ಬೋದಿಗೆ. ಜಾಗದ ಅಕ್ಷಾಂಶ ರೇಖಾಂಶ. ರೈಸ್ ಕಾಲದಲ್ಲಿ 'ಇಂಥವನ ಹೊಲದಲ್ಲಿ' ಅಂತ ಬರೆದದ್ದನ್ನು ಹಿಡಿದು ನಾವು ಇವತ್ತು ಅಲೆಯೋ ಹಾಗೆ ಮುಂದಿನವರು ಅಲೆಯೋದು ಬೇಡ. ಬಣ್ಣ ಕೆರೆಯಬೇಡಿ, ಅಕ್ಷರದ ಮೇಲೆ ಸುಣ್ಣ ಸೀಮೆಸುಣ್ಣ ಉಜ್ಜಬೇಡಿ. ಮನೆಯವರನ್ನು ಕೇಳದೆ ಏನೂ ಹಾಕಬೇಡಿ. ನಿಧಿ ಹುಡುಕುವವರ ಕಾಟ ನಮ್ಮ ಕಡೆ ಸುಳ್ಳಲ್ಲ. ಅಜ್ಜಿ ಮೊದಲು ಕೇಳಿದ ಪ್ರಶ್ನೆಯೇ ಅದು.

ಮತ್ತು ಮನೆಯವರು "ಇದೇನು?" ಅಂತ ಕೇಳಿದಾಗ ಕೊಡುವ ಉತ್ತರದ ಬಗ್ಗೆ ಸ್ವಲ್ಪ ಎಚ್ಚರ. 'ಮುನ್ನೂರು ವರ್ಷದ್ದು' ಅಂತ ಉಬ್ಬಿಸೋದೂ ಬೇಡ, 'ಏನಲ್ಲ' ಅಂತ ತಳ್ಳಿಹಾಕೋದೂ ಬೇಡ. ಹಳ್ಳಿಯಲ್ಲಿ ಪ್ಯಾಂಟು ಹಾಕಿಕೊಂಡು ಹೋಗಿ ಕಲ್ಲು ಓದುವವನ ಮಾತಿಗೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ತೂಕ ಇರುತ್ತದೆ. ಆ ಮನೆಯನ್ನು ಉಳಿಸಿಕೊಳ್ಳಿ ಅಂತ ನಾನು ಹೇಳಬೇಕಿತ್ತು ಅಂತಲ್ಲ. ಸೋರುವ ಮಾಡಿನ ಕೆಳಗೆ ಮಳೆಗಾಲ ಕಳೆಯೋರು ಅವರು, ಹೊಸ ಮನೆ ಅವರ ಹಕ್ಕು. ಆದರೆ "ಇದರಲ್ಲಿ ಮನೆ ಕಟ್ಟಿದ ದಿನ ಬರೆದಿದೆ ಅಮ್ಮ, ಕಟ್ಟಿದ ಆಚಾರಿ ಹೆಸರೂ ಇರೋ ಹಾಗಿದೆ" ಅಂತ ಹೇಳಿದ್ದರೆ ಆ ಒಂದು ಪಟ್ಟಿಯನ್ನು ಅವರು ಹೊಸ ಬಾಗಿಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದರೋ ಏನೋ. ಎಷ್ಟೋ ಮನೆಗಳಲ್ಲಿ ಹಾಗೆ ಕೂರಿಸಿರೋದನ್ನು ನೋಡಿದ್ದೇನೆ.

ಕಳವಾರದ ಕಡೆ ಬೆಟ್ಟ ಹತ್ತೋಕೆ ಹೋಗುವವರು ಇಳಿದು ಬಂದ ಮೇಲೆ ಊರೊಳಗೆ ಒಂದು ಸುತ್ತು ಹಾಕಿ, ತಲೆ ಎತ್ತಿ ಬಾಗಿಲು ನೋಡಿ. ಬರಹ ಕಂಡರೆ ಮನೆಯವರ ಒಪ್ಪಿಗೆ ತಗೊಂಡು ಚಿತ್ರ ಕಳಿಸಿ, ಕೂತು ಓದೋಣ. ತಿಥಿ ವಾರದ ಲೆಕ್ಕ ನಾನು ಹಾಕಿಕೊಡ್ತೀನಿ. ಒಂದೇ ಕೋರಿಕೆ: ಬಲಗಡೆಯ ತುದಿ ಬಿಟ್ಟುಹೋಗದ ಹಾಗೆ ತೆಗೀರಿ. ವಾರ ಇರೋದು ಅಲ್ಲೇ.